ಕಾರ್ ಬ್ಯಾಟರಿ ಚಾರ್ಜರಿನ ಬ್ರೇಕರ್ ಹೋಗಿದೆ, ಬದಲಿಗೆ ಏನು ಹಾಕಲಿ? ಅನುಭವ ಇದ್ದವರು ಹೇಳಿ

ಕೇಳಿದವರು, ಕುವೆಂಪುನಗರ, ಮೈಸೂರು:
ಅಪ್ಪನ ಕಾಲದ 12 ವೋಲ್ಟ್ ಚಾರ್ಜರ್. ಒಳಗೆ ದಪ್ಪ ಟ್ರಾನ್ಸ್‌ಫಾರ್ಮರ್, ಮುಂದೆ 10 ಆಂಪ್ ಎಂದು ಬರೆದಿದೆ. ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತದೆ, ಆದರೆ ಮೀಟರ್ ಮುಳ್ಳು ಕದಲುವುದಿಲ್ಲ. ಬಿಚ್ಚಿ ನೋಡಿದರೆ ಪ್ಲಸ್ ವೈರಿನ ದಾರಿಯಲ್ಲಿ ಒಂದು ಪುಟ್ಟ ಬ್ರೇಕರ್ ಇದೆ, ಮೇಲಿನ ಅಕ್ಷರ ಅಳಿಸಿಹೋಗಿದೆ. ಗ್ಯಾರೇಜಿನವರು "ಅದನ್ನ ತೆಗೆದು ಡೈರೆಕ್ಟ್ ಮಾಡಿಬಿಡಿ ಸಾರ್" ಅಂತಾರೆ. ಮಾಡಬಹುದಾ?

ಬ್ಯಾಟರಿ ಅಂಗಡಿ, ಮಂಡ್ಯ:
ಡೈರೆಕ್ಟ್ ಮಾತ್ರ ಮಾಡಬೇಡಿ, ದಯವಿಟ್ಟು. ಯಾವತ್ತೋ ಅವಸರದಲ್ಲಿ ಕ್ಲಿಪ್ಪು ಅದಲುಬದಲಾಯಿತು ಅಂತಿಟ್ಟುಕೊಳ್ಳಿ. ಆಗ ಹರಿಯುವುದು ಚಾರ್ಜರಿನ 10 ಆಂಪ್ ಅಲ್ಲ. ಬ್ಯಾಟರಿಯೇ ಡಯೋಡುಗಳ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗಗಳು) ಮೂಲಕ ಕರೆಂಟ್ ಸುರಿಯುತ್ತದೆ, ಅದಕ್ಕೆ ನೂರಾರು ಆಂಪ್ ಕೊಡುವ ತಾಕತ್ತಿದೆ. ವೈರು ಕರಗುತ್ತದೆ. ಅದನ್ನು ತಡೆಯಲು ಇರುವುದು ಆ ಬ್ರೇಕರ್ ಒಂದೇ.

ಹೊಸದು ತರುವ ಮೊದಲು ಹಳೆಯದು ಯಾಕೆ ಹೋಯಿತು ಅಂತ ನೋಡಿ. ಪ್ಲಗ್ ಕಿತ್ತು, ಕ್ಲಿಪ್ಪನ್ನೂ ಬ್ಯಾಟರಿಯಿಂದ ಬಿಡಿಸಿ, ಬ್ರೇಕರಿನ ಒಂದು ಕಡೆಯ ವೈರ್ ತೆಗೆಯಿರಿ. ತಣ್ಣಗಿರುವಾಗ ಮಲ್ಟಿಮೀಟರ್ ಬೀಪ್ ಅನ್ನಬೇಕು. ಅನ್ನದಿದ್ದರೆ ಬ್ರೇಕರ್ ಸತ್ತಿದೆ. ಆಮೇಲೆ ಡಯೋಡುಗಳನ್ನು ಬಿಡಿಬಿಡಿಯಾಗಿ ನೋಡಿ. ಒಂದು ಕಡೆ ಸುಮಾರು 0.5 ವೋಲ್ಟ್ ತೋರಿಸಬೇಕು, ತಿರುಗಿಸಿದರೆ ಏನೂ ತೋರಿಸಬಾರದು. ಎರಡೂ ಕಡೆ ಸೊನ್ನೆ ಬಂದರೆ ಡಯೋಡ್ ಶಾರ್ಟ್. ಅದನ್ನು ಬಿಟ್ಟು ಬ್ರೇಕರ್ ಮಾತ್ರ ಹಾಕಿದರೆ ಹೊಸದೂ ಹೋಗುತ್ತದೆ. ನಮ್ಮಲ್ಲಿಗೆ ಬರುವ ಚಾರ್ಜರುಗಳಲ್ಲಿ ಇದೇ ಜಾಸ್ತಿ.

ಬ್ಯಾಟರಿಯನ್ನೂ ಮರೆಯಬೇಡಿ. ಎಷ್ಟು ಹೊತ್ತು ಚಾರ್ಜ್ ಮಾಡಿದರೂ 10.5 ವೋಲ್ಟ್ ಹತ್ತಿರವೇ ನಿಂತರೆ ಒಂದು ಸೆಲ್ ಶಾರ್ಟ್ ಆಗಿರಬಹುದು. ಅಂಥ ಬ್ಯಾಟರಿ ಸುಮ್ನೆ ಕರೆಂಟ್ ಎಳೆಯುತ್ತಲೇ ಇರುತ್ತದೆ. ಬ್ರೇಕರ್ ಬಿಸಿಯಾಗುತ್ತದೆ, ಬಿಡುತ್ತದೆ (ಕರೆಂಟ್ ಕಡಿಯುತ್ತದೆ), ತಣಿದು ಮತ್ತೆ ಕೂರುತ್ತದೆ (ಕರೆಂಟ್ ಹರಿಯಲು ಬಿಡುತ್ತದೆ). ಹೀಗೆ ಟಕ್ ಟಕ್ ಅಂತಲೇ ಒಳಗಿನ ಕಾಂಟ್ಯಾಕ್ಟ್ ಕಪ್ಪಾಗುತ್ತದೆ. ಕಪ್ಪಾದ ಜಾಗದಲ್ಲಿ ಬಿಸಿ ಹೆಚ್ಚು, ಹಾಗಾಗಿ ಇನ್ನೂ ಬೇಗ ಬಿಡುತ್ತದೆ.

ಎಲೆಕ್ಟ್ರಿಷಿಯನ್, ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು:
ಮೇಲಿನವರ ಮಾತು ಸರಿ. ನಾನು ಆಂಪ್ ವಿಷಯ ಹೇಳುತ್ತೇನೆ. 10 ಆಂಪ್ ಚಾರ್ಜರ್ ಅಂತ 10 ಆಂಪ್ ಬ್ರೇಕರ್ ತಂದರೆ ಪದೇ ಪದೇ ಬಿಡಬಹುದು. ಇಂಥ ಚಾರ್ಜರಿನಿಂದ ಕರೆಂಟ್ ಒಂದೇ ಸಮನೆ ಬರುವುದಿಲ್ಲ, ಅಲೆ ಅಲೆಯಾಗಿ ಬರುತ್ತದೆ. ಮುಳ್ಳು ತೋರಿಸುವುದು ಸರಾಸರಿ ಮಾತ್ರ, ಬ್ರೇಕರಿನ ಒಳಗೆ ಬಿಸಿಗೆ ಬಾಗಿ ಕರೆಂಟ್ ಕಡಿಯುವ ಲೋಹದ ಪಟ್ಟಿ ಬಿಸಿಯಾಗುವುದು ಅದಕ್ಕಿಂತ ಹೆಚ್ಚಿನ ಲೆಕ್ಕದಲ್ಲಿ. 15 ಆಂಪ್ ಕೇಳಿ, ಅದಕ್ಕಿಂತ ಮೇಲೆ ಹೋಗಬೇಡಿ.

ಮನೆ ವೈರಿಂಗಿನ ಬ್ರೇಕರ್, ಅಂದರೆ ಎಂಸಿಬಿ, ತುರುಕುವವರನ್ನೂ ನೋಡಿದ್ದೇನೆ. 16 ಆಂಪ್ ಎಂಸಿಬಿ 18 ಆಂಪ್ ಹರಿದರೆ ಒಂದು ಗಂಟೆಯಾದರೂ ಬಿಡದೆ ಇರಬಹುದು. 23 ಆಂಪಿಗೂ ಗಂಟೆಯ ತನಕ ಸಮಯ ತೆಗೆದುಕೊಳ್ಳಬಹುದು. ಅಷ್ಟರಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ ಬರುತ್ತದೆ. ಲಾರಿ, ಟ್ರ್ಯಾಕ್ಟರಿಗೆ ಹಾಕುವ 12 ವೋಲ್ಟ್ ಬ್ರೇಕರ್ ತನ್ನಿ. ತಾನೇ ಕೂರುವುದೂ ಇದೆ, ಗುಂಡಿ ಒತ್ತುವುದೂ ಇದೆ. ನನ್ನ ಓಟು ಗುಂಡಿಯದಕ್ಕೆ. ಬಿಟ್ಟಿತು ಅಂದರೆ ನೀವೇ ಹೋಗಿ ನೋಡಲೇಬೇಕಾಗುತ್ತದೆ, ಅಲ್ವಾ?

ಹಳೆಯದಕ್ಕೆ ರಿವೆಟ್ ಇದ್ದರೆ ಡ್ರಿಲ್ ಮಾಡಿ ತೆಗೆಯಿರಿ. ವೈರಿನ ತುದಿಗೆ ಲಗ್ (ಸ್ಕ್ರೂ ಹಾಕುವ ಲೋಹದ ಬಳೆ) ಒತ್ತಿಸಿ ಸ್ಕ್ರೂ ಬಿಗಿಯಿರಿ. ಟ್ರಾನ್ಸ್‌ಫಾರ್ಮರಿಗೆ ಅಂಟಿಸಬೇಡಿ, ಅದರ ಬಿಸಿಗೇ ಬ್ರೇಕರ್ ಬಿಡುತ್ತದೆ.

ಟ್ಯಾಕ್ಸಿ ಇಟ್ಟವರು, ಶ್ರೀರಂಗಪಟ್ಟಣ:
ಬ್ರೇಕರ್ ಸಿಗುವ ತನಕ ಕಾರಿನ ನೀಲಿ ಬ್ಲೇಡ್ ಫ್ಯೂಸ್ ಹಾಕಿಕೊಳ್ಳಿ, ಅದು 15 ಆಂಪಿನದು. ಹೋಲ್ಡರ್ ಯಾವ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ. ನನ್ನದರಲ್ಲಿ ಈಗಲೂ ಅದೇ ಇದೆ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ನೋಡಿದೆ, ಬ್ರೇಕರ್ ಜೊತೆ ಒಂದು ಡಯೋಡೂ ಶಾರ್ಟ್ ಆಗಿದೆ. ಎರಡನ್ನೂ ಬದಲಿಸುತ್ತೇನೆ. ಆಮೇಲೆ ನೇರ ಬ್ಯಾಟರಿಗೆ ಹಾಕಿ ನೋಡಲಾ?

ಬ್ಯಾಟರಿ ಅಂಗಡಿ, ಮಂಡ್ಯ:
ಮೊದಲು ಹಳೆಯ ಹೆಡ್‌ಲೈಟ್ ಬಲ್ಬಿಗೆ ಹಾಕಿ. 55 ವಾಟಿನ ಬಲ್ಬಾದರೆ ಮುಳ್ಳು 4ರಿಂದ 5 ಆಂಪ್ ನಡುವೆ ನಿಲ್ಲಬೇಕು. ಅರ್ಧ ಗಂಟೆ ಉರಿಯಲಿ. ಡಯೋಡ್ ತಟ್ಟೆ ಬಿಸಿಯಾದರೆ ಸಹಜ, ಬ್ರೇಕರಿನ ತುದಿ ಬಿಸಿಯಾದರೆ ಸ್ಕ್ರೂ ಸಡಿಲ. ಬ್ಯಾಟರಿಗೆ ಹಾಕುವಾಗ ಗಾಳಿಯಾಡುವ ಜಾಗದಲ್ಲಿಡಿ, ಒಳಗಿಂದ ಹೈಡ್ರೋಜನ್ ಬರುತ್ತದೆ. ತೆಗೆಯುವಾಗ ಗೋಡೆಯ ಸ್ವಿಚ್ ಮೊದಲು, ಕ್ಲಿಪ್ಪು ಆಮೇಲೆ.