ಪದಚರ್ಚೆ: ಕಂಪ್ಯೂಟರ್ ಚಾಲೂ ಆಗುವಾಗಿನ ಸದ್ದು ಮತ್ತು ಅದರ ‘ವಾಲ್ಯೂಮ್’

ಪದಾಸಕ್ತರೆಲ್ಲರಿಗೂ ಕೊಪ್ಪಳದಿಂದ ನಮಸ್ಕಾರಗಳು.

ಇಲ್ಲಿನ ಒಂದು ಓದುಕೋಣೆಯ ಕಂಪ್ಯೂಟರ್‌ಗಳಿಗಾಗಿ ಕನ್ನಡದಲ್ಲಿ ಸಣ್ಣದೊಂದು ಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇನೆ. ಯಂತ್ರ ಚಾಲೂ ಆಗುವಾಗ ತಾನಾಗಿ ಕೇಳಿಬರುವ ಸದ್ದನ್ನು ಹೇಗೆ ತಗ್ಗಿಸಬೇಕು, ಬೇಡವೆನಿಸಿದರೆ ಹೇಗೆ ನಿಲ್ಲಿಸಬೇಕು ಎಂಬುದನ್ನು ಅದರ ಒಂದು ಪುಟದಲ್ಲಿ ವಿವರಿಸಬೇಕಾಗಿದೆ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರು ತುಂಬಿರುವ ಕೋಣೆಯಲ್ಲಿ ಆ ಸದ್ದು ಕಿರಿಕಿರಿ ಉಂಟುಮಾಡುತ್ತದೆ. ಅದೇ ಕೋಣೆಗೆ ಬರುವ, ಕಣ್ಣು ಕಾಣದ ಓದುಗರಿಗೆ ಯಂತ್ರ ಸಿದ್ಧವಾಗುತ್ತಿದೆ ಎಂದು ತಿಳಿಸುವ ಮೊದಲ ಸುಳಿವೂ ಅದೇ. ಆದ್ದರಿಂದ ‘ತಗ್ಗಿಸು’ ಮತ್ತು ‘ನಿಲ್ಲಿಸು’ ಇವೆರಡೂ ಬೇರೆ ಬೇರೆ ಕೆಲಸಗಳೆಂಬುದು ಓದಿದ ಕೂಡಲೇ ಸ್ಪಷ್ಟವಾಗಬೇಕು, ಯಾವ ಸದ್ದು ಎಂಬುದರಲ್ಲಿ ಗೊಂದಲ ಇರಬಾರದು.

ನನ್ನ ತೊಡಕು ಶುರುವಾಗುವುದು ‘ಸ್ಟಾರ್ಟಪ್ ಸೌಂಡ್ ವಾಲ್ಯೂಮ್’ ಎಂಬ ಮೂರು ನಾಮಪದಗಳ ಸಾಲಿನಿಂದ. ಇದನ್ನು ಇದ್ದ ಕ್ರಮದಲ್ಲಿಯೇ ಕನ್ನಡಿಸಿದರೆ ‘ಆರಂಭಿಕ ಧ್ವನಿ ಪ್ರಮಾಣ’ ಎಂದಾಗುತ್ತದೆ. ನೋಡಲು ಅಚ್ಚುಕಟ್ಟಾಗಿರುವ ಈ ಪದಪುಂಜಕ್ಕೆ ಎರಡು ಅರ್ಥಗಳಿವೆ: ಆರಂಭದಲ್ಲಿ ಕೇಳುವ ಧ್ವನಿಯ ಪ್ರಮಾಣ ಎಂಬುದು ಒಂದು, ಯಂತ್ರ ಆರಂಭವಾದಾಗ ಇರುವ ಒಟ್ಟು ಧ್ವನಿಯ ಪ್ರಮಾಣ ಎಂಬುದು ಇನ್ನೊಂದು. ‘ಆರಂಭಿಕ’ ಎಂಬ ವಿಶೇಷಣವು ಧ್ವನಿಗೆ ಅಂಟಿಕೊಳ್ಳುತ್ತದೆಯೋ ಪ್ರಮಾಣಕ್ಕೆ ಅಂಟಿಕೊಳ್ಳುತ್ತದೆಯೋ ಎಂಬುದನ್ನು ಓದುಗರೇ ಊಹಿಸಬೇಕಾಗುತ್ತದೆ. ‘ಆರಂಭಿಕ ವೇತನ’, ‘ಆರಂಭಿಕ ದರ’ ಎಂಬ ಮಾತುಗಳು ಕಿವಿಗೆ ರೂಢಿಯಾಗಿರುವ ನಮ್ಮವರು ಎರಡನೆಯ ಅರ್ಥವನ್ನೇ ಮೊದಲು ಹಿಡಿಯುತ್ತಾರೆ ಎಂಬುದು ನನ್ನ ಅನಿಸಿಕೆ.

ಈ ಎರಡು ಅರ್ಥಗಳೂ ಕಂಪ್ಯೂಟರಿನಲ್ಲಿ ನಿಜವಾಗಿಯೂ ಬೇರೆ ಬೇರೆಯಾಗಿ ಇರುವುದರಿಂದ ಇದನ್ನು ಕೂದಲು ಸೀಳುವ ಚರ್ಚೆ ಎಂದು ತಳ್ಳಿಹಾಕುವಂತಿಲ್ಲ. ಲಿನಕ್ಸ್‌ನಲ್ಲಿ ಆಲ್ಸಾ ಎಂಬ ಧ್ವನಿ ವ್ಯವಸ್ಥೆಯ ಜೊತೆಗೆ ಬರುವ ಸಣ್ಣ ತಂತ್ರಾಂಶವು ಯಂತ್ರ ಬಂದ್ ಆಗುವಾಗ ಇದ್ದ ಮಟ್ಟಗಳನ್ನು ಒಂದು ಕಡತದಲ್ಲಿ ಬರೆದಿಟ್ಟು, ಮತ್ತೆ ಚಾಲೂ ಆಗುವಾಗ ಅವನ್ನೇ ಮರಳಿ ತರುತ್ತದೆ. ಇದು ಆರಂಭಕ್ಕೆ ಇರುವ ಧ್ವನಿಮಟ್ಟವೇ ಹೊರತು ಯಾವುದೋ ಒಂದು ಸದ್ದಿನ ಮಟ್ಟವಲ್ಲ. ವಿಂಡೋಸ್ 11ರಲ್ಲಿ ಸೌಂಡ್ ಎಂಬ ಹಳೆಯ ಕಿಟಕಿಯ ಸೌಂಡ್ಸ್ ಪುಟದಲ್ಲಿ ಆರಂಭದ ಸದ್ದಿಗೆ ಒಂದು ಗುರುತುಚೌಕ (ಚೆಕ್‌ಬಾಕ್ಸ್) ಇದೆ, ಅಷ್ಟೇ. ಸದ್ದು ಕೇಳಿಸಬೇಕೋ ಬೇಡವೋ ಎಂಬುದನ್ನು ಅಲ್ಲಿ ನಿರ್ಧರಿಸಬಹುದು. ಎಷ್ಟು ಜೋರಾಗಿ ಎಂಬುದಕ್ಕೆ ಅಲ್ಲಿ ಬೇರೆ ಜಾರುಪಟ್ಟಿ (ಸ್ಲೈಡರ್) ಇಲ್ಲ. ಹೀಗಿರುವಾಗ ವಿಂಡೋಸಿನ ಪುಟಕ್ಕೆ ‘ಆರಂಭಿಕ ಧ್ವನಿ ಪ್ರಮಾಣ’ ಎಂಬ ತಲೆಬರಹ ಕೊಟ್ಟರೆ, ಇಲ್ಲದ ಜಾರುಪಟ್ಟಿಯನ್ನು ಓದುಗರು ಹುಡುಕಲು ಹೊರಡುತ್ತಾರೆ.

ಮ್ಯಾಕ್ ಗಣಕಗಳ ವಿಷಯ ಇನ್ನೂ ಸೂಕ್ಷ್ಮ. ಅಲ್ಲಿ ಕೇಳುವ ಸ್ವರಮೇಳವು ಕಾರ್ಯಾಚರಣ ವ್ಯವಸ್ಥೆ ಎಚ್ಚರಗೊಳ್ಳುವ ಮೊದಲೇ ಹೊಮ್ಮುತ್ತದೆ. ಪರದೆಯ ಮೇಲಿನ ಧ್ವನಿಯ ಪಟ್ಟಿ ಆಗಿನ್ನೂ ಹುಟ್ಟಿರುವುದೇ ಇಲ್ಲ. ಆದ್ದರಿಂದ ಹಳೆಯ ಹಲವು ಮಾದರಿಗಳಲ್ಲಿ, ವಿದ್ಯುತ್ ಹೋದರೂ ಅಳಿಯದ ಎನ್‌ವಿಆರ್‌ಎಎಮ್ ಎಂಬ ಪುಟ್ಟ ನೆನಪಿನಲ್ಲಿ ಹಿಂದಿನ ಸಲದ ಧ್ವನಿಮಟ್ಟ ಉಳಿದುಕೊಂಡು, ಸದ್ದು ಆ ಮಟ್ಟದಲ್ಲಿಯೇ ಬರುತ್ತದೆ. ಹೆಡ್‌ಫೋನ್ ಸಿಕ್ಕಿಸಿಕೊಂಡು ಮಟ್ಟವನ್ನು ಇಳಿಸಿದರೆ ಅದು ಹೆಡ್‌ಫೋನಿನ ಮಟ್ಟವಾಗಿ ಮಾತ್ರ ದಾಖಲಾಗುತ್ತದೆ. ಒಳಗಿನ ಸ್ಪೀಕರಿನ ಮಟ್ಟ ಮೊದಲಿದ್ದಂತೆಯೇ ಇದ್ದು, ಮರುದಿನ ಅದೇ ಜೋರಿನಲ್ಲಿ ಮೊಳಗುತ್ತದೆ. ಇದನ್ನು ಕನ್ನಡದಲ್ಲಿ ಹೇಳಬೇಕಾದ ವಾಕ್ಯ ಹೀಗಿರಬೇಕೆಂದು ನನಗೆ ತೋರುತ್ತದೆ: “ಯಂತ್ರವನ್ನು ಬಂದ್ ಮಾಡುವ ಮುನ್ನ ಹೆಡ್‌ಫೋನ್ ಬಿಚ್ಚಿ, ಸ್ಪೀಕರಿನ ಸದ್ದನ್ನು ಎಷ್ಟಕ್ಕೆ ಇಳಿಸಿರುತ್ತೀರೋ ಮುಂದಿನ ಸಲ ಚಾಲೂ ಆಗುವಾಗಿನ ಸದ್ದು ಅಷ್ಟೇ ಕೇಳುತ್ತದೆ.” ವಾಕ್ಯ ಉದ್ದವಾಯಿತು, ನಿಜ. ಆದರೆ ಇಲ್ಲಿ ಯಾವ ಪದ ಯಾವುದಕ್ಕೆ ಸೇರಿತು ಎಂಬ ಅನುಮಾನ ಉಳಿಯುವುದಿಲ್ಲ.

ಈ ದಾರಿ ನನಗೆ ಹೊಳೆದದ್ದು ಓದುಕೋಣೆಯ ಒಬ್ಬ ವಿದ್ಯಾರ್ಥಿನಿಯ ಮಾತಿನಿಂದ. ಆಕೆ ಮೇಲ್ವಿಚಾರಕಿಯವರನ್ನು ಕೇಳಿದ್ದು ಹೀಗೆ: “ಅಕ್ಕಾರ, ಕಂಪ್ಯೂಟರ್ ಹಚ್ಚಿದ ಕೂಡ್ಲೆ ಸಪ್ಪಳ ಬರ್ತೈತಲ್ರಿ, ಅದನ್ನ ಸಣ್ಣಗ ಮಾಡಾಕ ಬರ್ತೈತೇನ್ರಿ?” ಈ ಮಾತನ್ನು ಬಿಡಿಸಿ ನೋಡಿ. ಯಾವಾಗ ಎಂಬುದು ‘ಹಚ್ಚಿದ ಕೂಡ್ಲೆ’ ಎಂಬಲ್ಲಿ ಬಂತು, ಏನು ಎಂಬುದು ‘ಸಪ್ಪಳ’ದಲ್ಲಿ ಬಂತು, ಏನು ಮಾಡಬೇಕು ಎಂಬುದು ‘ಸಣ್ಣಗ ಮಾಡು’ ಎಂಬ ಕ್ರಿಯಾಪದದಲ್ಲಿ ಬಂತು. ಮೂರು ನಾಮಪದಗಳನ್ನು ಒಂದರ ಬೆನ್ನಿಗೊಂದು ಕಟ್ಟುವ ಬದಲು ಕನ್ನಡವು ತನ್ನ ಕೃದಂತ ಮತ್ತು ವಿಭಕ್ತಿಗಳಿಂದ ಕೆಲಸ ಮಾಡಿಕೊಂಡಿದೆ. ಕೈಪಿಡಿಯ ಪದಗಳನ್ನು ಈ ನಡೆಯ ಮೇಲೆಯೇ ಕಟ್ಟಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಆದರೆ ಆಕೆ ಬಳಸಿದ ಎಲ್ಲ ಪದಗಳೂ ರಾಜ್ಯದ ಎಲ್ಲೆಡೆ ನಡೆಯುತ್ತವೆಯೇ ಎಂಬುದು ನಿಮ್ಮೆಲ್ಲರ ನೆರವು ಬೇಕಾದ ಪ್ರಶ್ನೆ.

ಮೊದಲು ‘ಸೌಂಡ್’ ಎಂಬುದಕ್ಕೆ. ಕೊಪ್ಪಳ, ರಾಯಚೂರು, ಬಳ್ಳಾರಿಯ ಮಾತಿನಲ್ಲಿ ‘ಸಪ್ಪಳ’ ಬಹಳ ಹರವುಳ್ಳ ಪದ. ಗಾಡಿಯದೂ ಸಪ್ಪಳವೇ, ಪಂಪ್‌ಸೆಟ್ಟಿನದೂ ಸಪ್ಪಳವೇ. ತೆಂಕಣ ಕರ್ನಾಟಕದ ಬರಹದಲ್ಲಿ ಅದು ಹೆಚ್ಚಾಗಿ ಹೆಜ್ಜೆಗೆ, ಗೆಜ್ಜೆಗೆ, ಬಳೆಗೆ ಸೀಮಿತವಾಗಿರುವಂತೆ ಕಾಣುತ್ತದೆ. ರಾಯಚೂರಿನ ಕಡೆ ಉರ್ದುವಿನಿಂದ ಬಂದ ‘ಅವಾಜು’ ಕೂಡ ಬಳಕೆಯಲ್ಲಿದೆ. “ಅವಾಜ್ ಕಡಿಮಿ ಮಾಡ್ರಿ” ಎಂದರೆ ಕೂಲಿಯವರಿಂದ ಅಧಿಕಾರಿಗಳವರೆಗೆ ಎಲ್ಲರಿಗೂ ತಿಳಿಯುತ್ತದೆ, ಆದರೆ ಕರಾವಳಿಯ ಓದುಗರಿಗೆ ಬರಹದಲ್ಲಿ ಅದು ಒಗ್ಗಲಾರದು. ‘ಧ್ವನಿ’ಯನ್ನು ನಾನು ಬಿಡಲು ಕಾರಣ, ಅದೇ ಕೈಪಿಡಿಯಲ್ಲಿ ಮನುಷ್ಯರ ದನಿಗೂ ಅದೇ ಪದ ಬೇಕಾಗುತ್ತದೆ: ಧ್ವನಿ ಸಂದೇಶ, ಧ್ವನಿಯಿಂದ ಬೆರಳಚ್ಚು, ಹೀಗೆ. ‘ಶಬ್ದ’ಕ್ಕೆ ಪದ ಎಂಬ ಅರ್ಥವೂ ಇರುವುದರಿಂದ ಶಬ್ದಕೋಶ, ಶಬ್ದಪರೀಕ್ಷೆ ಎಂಬ ಮಾತುಗಳು ಬರುವ ತಂತ್ರಾಂಶದಲ್ಲಿ ಅದು ತೊಡಕು. ಇವೆಲ್ಲವನ್ನೂ ತೂಗಿ ನೋಡಿದಾಗ ‘ಶಬ್ದ’ದ ತದ್ಭವವೇ ಆದ ‘ಸದ್ದು’ ಉಳಿದುಕೊಳ್ಳುತ್ತದೆ. ಪದ ಎಂಬ ಅರ್ಥದ ಹೊರೆ ಅದಕ್ಕಿಲ್ಲ, ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರಿಗೂ ಅದು ಗೊತ್ತು.

ಇದಕ್ಕೆ ಒಂದು ಆಕ್ಷೇಪ ಬರಬಹುದೆಂದು ಬಲ್ಲೆ. ವಿಂಡೋಸ್ 95ರ ಆರಂಭದ ಸಂಗೀತವನ್ನು ರಚಿಸಿದವರು ಬ್ರಯಾನ್ ಈನೋ ಅವರಂಥ ಸಂಗೀತಗಾರರು. 1991ರ ಮ್ಯಾಕಿಂಟಾಷ್ ಕ್ವಾಡ್ರಾದ ಸ್ವರಮೇಳವನ್ನು ಜಿಮ್ ರೀಕ್ಸ್ ಅವರು ಸಿ ಮೇಜರ್‌ನಲ್ಲಿ ರೂಪಿಸಿದರು. ಇಂಥ ಕೃತಿಗಳನ್ನು ಬರೀ ‘ಸದ್ದು’ ಎನ್ನಬಹುದೇ, ‘ನಾದ’ ಎನ್ನಬೇಡವೇ? ಕೇಳಲು ‘ನಾದ’ ಚೆಂದವೇ. ಆದರೆ ಮೆಮೊರಿ ಸರಿಯಾಗಿ ಕೂರದಿದ್ದಾಗ ಡೆಸ್ಕ್‌ಟಾಪ್ ಹೊರಡಿಸುವ ಬೀಪ್‌ಗಳೂ ಚಾಲೂ ಆಗುವಾಗಲೇ ಬರುತ್ತವೆ, ಅವನ್ನು ನಾದ ಎನ್ನಲಾಗದು. ಎರಡನ್ನೂ ಒಳಗೊಳ್ಳುವ ಪದ ‘ಸದ್ದು’. ಬೀಪ್‌ಗಳಿಗೆ ಪ್ರತ್ಯೇಕವಾಗಿ ‘ಎಚ್ಚರಿಕೆಯ ಬೀಪ್’ ಎಂದರೆ ಸಾಕು, ಏಕೆಂದರೆ ಅವುಗಳ ಎಣಿಕೆಯ ಅರ್ಥ ತಯಾರಕರಿಂದ ತಯಾರಕರಿಗೆ ಬೇರೆಯಾಗುತ್ತದೆ, ಅವನ್ನು ಆರಂಭದ ಸದ್ದೆಂದು ಬಗೆದು ನಿಲ್ಲಿಸಲು ಹೋಗಬಾರದು.

ಈಗ ‘ವಾಲ್ಯೂಮ್’. ಪುಸ್ತಕಕ್ಕೆ ಸಂಪುಟ, ಗಣಿತಕ್ಕೆ ಘನಫಲ ಎಂದು ಕನ್ನಡ ಈ ಪದವನ್ನು ಆಗಲೇ ಹಂಚಿಕೊಂಡಿದೆ. ಸದ್ದಿನ ವಿಷಯದಲ್ಲಿ ಮಾತ್ರ ಪ್ರಮಾಣ, ಪರಿಮಾಣ, ತೀವ್ರತೆ ಎಂದು ಎಳೆದಾಡುತ್ತಿದ್ದೇವೆ. ನನ್ನ ಆಯ್ಕೆ ‘ಮಟ್ಟ’. ನಮ್ಮ ಮೂರೂ ಜಿಲ್ಲೆಗಳಲ್ಲಿ ಮಳೆಗಾಲ ಬಂತೆಂದರೆ ತುಂಗಭದ್ರಾ ಜಲಾಶಯದ ಮಟ್ಟ ಎಷ್ಟಾಯಿತು, 1633 ಅಡಿ ಮುಟ್ಟಿತೇ ಎಂದು ವಿಚಾರಿಸದ ರೈತರಿಲ್ಲ. ಮಟ್ಟ ಏರಿತು, ಇಳಿಯಿತು, ಅಷ್ಟಕ್ಕೇ ನಿಂತಿತು ಎಂಬ ಕ್ರಿಯಾಪದಗಳು ಆ ಪದದ ಜೊತೆಯಲ್ಲಿಯೇ ಬರುತ್ತವೆ, ಸದ್ದಿನ ಜಾರುಪಟ್ಟಿಗೆ ಬೇಕಾದವೂ ಅವೇ ಮೂರು. ಆದರೆ ‘ಮಟ್ಟ’ ಇಲ್ಲದೆ ಬರೀ ‘ದನಿ ಏರಿಸು’ ಎಂದರೆ ಎಡವಟ್ಟಾಗುತ್ತದೆ. ಸಂಗೀತ ಬಲ್ಲವರು ಅದನ್ನು ಮಂದ್ರದಿಂದ ತಾರಕ್ಕೆ ಹೋಗುವುದೆಂದು, ಅಂದರೆ ಸ್ಥಾಯಿಯ ಏರಿಕೆಯೆಂದು ತಿಳಿಯುತ್ತಾರೆ. ಮಿಕ್ಕವರು ಗಟ್ಟಿಯಾಗಿಸುವುದೆಂದು ತಿಳಿಯುತ್ತಾರೆ. ‘ಸದ್ದಿನ ಮಟ್ಟ ಏರಿಸಿ’ ಎಂದಾಗ ಈ ಗೊಂದಲ ಬಹುಮಟ್ಟಿಗೆ ತಪ್ಪುತ್ತದೆ. ಇಳಿಸುವುದಕ್ಕೆ ‘ತಗ್ಗಿಸಿ’ ಎಂಬುದನ್ನೂ ಧಾರಾಳವಾಗಿ ಬಳಸಬಹುದು. ಬಳ್ಳಾರಿಯ ತೆಲುಗು ಮನೆಮಾತಿನವರಿಗೆ ತಮ್ಮ ‘ತಗ್ಗಿಂಚು’ ಅದರಲ್ಲಿ ಒಡನೆಯೇ ಕೇಳಿಸುತ್ತದೆ.

‘ಸ್ಟಾರ್ಟಪ್’ಗೆ ಆರಂಭ, ಪ್ರಾರಂಭ, ಶುರು, ಚಾಲೂ ಎಲ್ಲವೂ ನಡೆಯುತ್ತವೆ, ಅದರಲ್ಲಿ ದೊಡ್ಡ ಜಗಳವಿಲ್ಲ. ಜಾಗ್ರತೆ ಬೇಕಾದದ್ದು ಯಾವುದರ ಆರಂಭ ಎಂಬಲ್ಲಿ. ವಿಂಡೋಸ್ ಎಕ್ಸ್‌ಪಿಯ ಪಟ್ಟಿಯಲ್ಲಿ ವಿಂಡೋಸ್ ಆರಂಭಕ್ಕೆ ಒಂದು ಸದ್ದು, ಬಳಕೆದಾರರು ಲಾಗಿನ್ ಆಗುವುದಕ್ಕೆ ಇನ್ನೊಂದು ಸದ್ದು ಎಂದು ಎರಡು ಸಾಲುಗಳೇ ಇದ್ದವು. ಹೀಗಾಗಿ ಯಂತ್ರದ ಆರಂಭ, ವ್ಯವಸ್ಥೆಯ ಆರಂಭ, ಲಾಗಿನ್ ಎಂದು ಮೂರನ್ನೂ ಹೆಸರಿಸಿ ಬರೆಯಬೇಕೆಂದಿದ್ದೇನೆ. ‘ಹಚ್ಚು’ ನನಗೆ ಬಹಳ ಪ್ರಿಯವಾದ ಪದ. ದೀಪ, ಟಿವಿ, ಫ್ಯಾನು, ಹಾಡು ಎಲ್ಲವನ್ನೂ ನಾವು ಹಚ್ಚುತ್ತೇವೆ. ಮೈಸೂರಿನ ಕಡೆ ದೀಪವನ್ನು ಬಿಟ್ಟು ಉಳಿದವನ್ನು ‘ಹಾಕು’ತ್ತಾರೆ, ತರಕಾರಿಯನ್ನು ‘ಹೆಚ್ಚು’ತ್ತಾರೆ, ಅಲ್ಲಿನವರು ‘ಕಂಪ್ಯೂಟರ್ ಹಚ್ಚಿದಾಗ’ ಎಂಬುದನ್ನು ಸಲೀಸಾಗಿ ಓದಿಕೊಳ್ಳುವರೇ ಎಂದು ತಿಳಿಸಿದರೆ ಉಪಕಾರ. ಅಲ್ಲಿಯವರೆಗೆ ‘ಚಾಲೂ ಆಗುವಾಗಿನ ಸದ್ದು’ ಎಂದು ಇಟ್ಟುಕೊಂಡಿದ್ದೇನೆ.

‘ಹಚ್ಚು’ ಎಂಬುದರ ವಿರುದ್ಧಪದ ‘ಆರಿಸು’ ಮಾತ್ರ ಕೈಪಿಡಿಗೆ ಒಳ್ಳೆಯದಲ್ಲ. ದೀಪ ಆರಿಸು ಎಂದರೆ ನಂದಿಸು. ಪಟ್ಟಿಯಿಂದ ಆರಿಸು ಎಂದರೆ ಆಯ್ದುಕೋ. “ಚಾಲೂ ಆಗುವಾಗಿನ ಸದ್ದನ್ನು ಆರಿಸಿ” ಎಂಬ ವಾಕ್ಯವನ್ನು ಓದಿ ಒಬ್ಬರು ಸದ್ದನ್ನು ನಿಲ್ಲಿಸಿದರೆ ಇನ್ನೊಬ್ಬರು ಹೊಸ ಸದ್ದನ್ನು ಆಯ್ದುಕೊಳ್ಳುತ್ತಾರೆ, ಇಬ್ಬರೂ ಕನ್ನಡವನ್ನು ಸರಿಯಾಗಿಯೇ ಓದಿರುತ್ತಾರೆ. ಆದ್ದರಿಂದ ಆಯ್ಕೆಗೆ ‘ಆಯ್ದುಕೊಳ್ಳಿ’, ನಿಲುಗಡೆಗೆ ‘ಬಂದ್ ಮಾಡಿ’ ಎಂದು ಗೆರೆ ಎಳೆದಿದ್ದೇನೆ.

ಗುರುತುಚೌಕದ ಪಕ್ಕದ ಬರಹಕ್ಕೆ ‘ಆರಂಭದ ಸದ್ದನ್ನು ಪ್ಲೇ ಮಾಡಿ’ ಎಂಬುದು ನನಗೆ ಹಿಡಿಸಲಿಲ್ಲ; ‘ನುಡಿಸಿ’ ಎಂದರೆ ವಾದ್ಯದ ನೆನಪಾಗುತ್ತದೆ, ಮೇಲಾಗಿ ಅಲ್ಲಿ ನುಡಿಸಬೇಕಾದದ್ದು ಓದುಗರಲ್ಲ, ಯಂತ್ರ. ‘ಚಾಲೂ ಆಗುವಾಗ ಸದ್ದು ಕೇಳಿಸಲಿ’ ಎಂದು ಬರೆದರೆ ಗುರುತು ಹಾಕುವುದು ಒಪ್ಪಿಗೆಯಾಗುತ್ತದೆ, ತೆಗೆಯುವುದು ಬೇಡವೆನ್ನುವುದಾಗುತ್ತದೆ. ಈ ಚೌಕ ಇತ್ತೀಚಿನ ವರ್ಷಗಳಲ್ಲಿ ಮತ್ತೆ ಮುಖ್ಯವಾಗಿದೆ. 2012ರ ವಿಂಡೋಸ್ 8ರಲ್ಲಿ ತಾನಾಗಿ ಕೇಳದಂತಾಗಿದ್ದ ಸದ್ದು 2021ರ ವಿಂಡೋಸ್ 11ರಲ್ಲಿ ಮರಳಿ ಬಂತು. 2016ರ ಮ್ಯಾಕ್‌ಬುಕ್ ಪ್ರೊದಲ್ಲಿ ಕೈಬಿಟ್ಟಿದ್ದ ಸ್ವರಮೇಳಕ್ಕೆ 2020ರ ಮ್ಯಾಕ್‌ಓಎಸ್ ಬಿಗ್ ಸರ್ ಆವೃತ್ತಿಯು ಇಂಥದೇ ಒಂದು ಚೌಕವನ್ನು ಒದಗಿಸಿತು.

ಕೊನೆಯದಾಗಿ, ನನಗೆ ಇನ್ನೂ ತೃಪ್ತಿಯಾಗಿ ಸಿಗದಿರುವ ಪದ ‘ಮ್ಯೂಟ್’. ಇದು ‘ಬಂದ್ ಮಾಡು’ ಅಲ್ಲ. ಮಟ್ಟ ಇದ್ದಲ್ಲಿಯೇ ಇರುತ್ತದೆ, ಸದ್ದು ಮಾತ್ರ ಹೊರಗೆ ಬರುವುದಿಲ್ಲ, ತೆಗೆದ ಕೂಡಲೇ ಹಳೆಯ ಮಟ್ಟಕ್ಕೆ ಮರಳುತ್ತದೆ. ‘ಮೂಕಗೊಳಿಸು’ ಎಂಬುದನ್ನು ಮಾತು ಬಾರದವರನ್ನು ನೆನೆದು ನಾನು ಬಳಸಲಾರೆ. ‘ಮೌನ’ ಮನುಷ್ಯರು ಆಚರಿಸುವಂಥದು. ‘ಸದ್ದಡಗಿಸು’ ಎಂಬುದರಲ್ಲಿ ಹತ್ತಿಕ್ಕುವ ಛಾಯೆ ಇದೆ. ‘ಸದ್ದು ತಡೆ’, ‘ಸದ್ದು ತಡೆ ತೆಗೆ’ ಎಂಬ ಜೋಡಿಯನ್ನು ಸದ್ಯಕ್ಕೆ ಬರೆದಿಟ್ಟಿದ್ದೇನೆ; ಮಟ್ಟ ಬದಲಾಗದೆ ನಡುವೆ ಒಂದು ಅಡ್ಡಿ ಬಂತು ಎಂಬ ಭಾವ ಅದರಲ್ಲಿದೆ. ಇದಕ್ಕಿಂತ ಹಗುರವಾದ, ಒಂದೇ ಪದದ ಮಾತು ನಿಮ್ಮ ಕಡೆಯ ಬಳಕೆಯಲ್ಲಿದ್ದರೆ, ಅದನ್ನು ಬಳಸುವ ಒಂದು ವಾಕ್ಯದೊಂದಿಗೆ ದಯವಿಟ್ಟು ತಿಳಿಸಬೇಕಾಗಿ ವಿನಂತಿ.