ಶರಾವತಿ ಕಣಿವೆ: ಘಟ್ಟದ ಮೇಲಿನ ಮತ್ತು ಕೆಳಗಿನ ಊರುಗಳು ಒಂದೇ ಸೀಮೆಯಾಗಿದ್ದವೇ?

ಪ್ರಶ್ನೆ (ಹೊಳೆಸಾಲು):
ಮಾನ್ಯರೇ, ಕಾನೂರು ಕೋಟೆ ಸಾಗರ ತಾಲೂಕಿನ ದಟ್ಟ ಕಾಡಿನಲ್ಲಿದೆ. ಆ ಕೋಟೆಯೊಂದಿಗೆ ಹೆಸರು ಕೂಡಿಕೊಂಡಿರುವ ರಾಣಿ ಚೆನ್ನಭೈರಾದೇವಿಯ ರಾಜಧಾನಿ ಗೇರುಸೊಪ್ಪೆಯಾದರೋ ಘಟ್ಟದ ಕೆಳಗೆ, ಹೊನ್ನಾವರ ತಾಲೂಕಿನಲ್ಲಿದೆ. ಇಂದು ಜಿಲ್ಲೆ ಬೇರೆ, ಆಡುಮಾತಿನ ಧಾಟಿ ಬೇರೆ, ವ್ಯವಹಾರದ ಪೇಟೆಯೂ ಬೇರೆ. ಹಿಂದೆ ಈ ಕಣಿವೆ ಒಂದೇ ಸೀಮೆಯಾಗಿತ್ತೇ? ಆಗಿದ್ದರೆ ಬೇರ್ಪಟ್ಟದ್ದು ಹೇಗೆ?

ಉತ್ತರ (ನಗಿರೆ):
ಒಂದೇ ಆಡಳಿತದಲ್ಲಿ ಇತ್ತೆಂಬುದರಲ್ಲಿ ಸಂದೇಹವಿಲ್ಲ. ಅದಕ್ಕೆ ಕಾರಣ ಕಾಳುಮೆಣಸು. ಘಟ್ಟದ ತೋಟಗಳಲ್ಲಿ ಬೆಳೆದ ಮೆಣಸು ಹೇರೆತ್ತುಗಳ ಬೆನ್ನಿನ ಮೇಲೆ ಗೇರುಸೊಪ್ಪೆಗೆ ಇಳಿಯುತ್ತಿತ್ತು. ಅಲ್ಲಿಂದ ಮುಂದೆ ಹೊಳೆಯೇ ದಾರಿ. ಸಮುದ್ರದಿಂದ ದೋಣಿಗಳು ಬರಲು ಸಾಧ್ಯವಿದ್ದದ್ದು ಘಟ್ಟದ ಬುಡದ ಈ ಊರಿನವರೆಗೆ ಮಾತ್ರ. ಹೀಗಾಗಿ ಬೆಳೆಯುವ ನೆಲ ಮತ್ತು ಹೊನ್ನಾವರದ ಬಂದರು ಎರಡರ ಮೇಲೂ ಹಿಡಿತವಿದ್ದವರಿಗಷ್ಟೇ ಈ ವ್ಯಾಪಾರ ದಕ್ಕುತ್ತಿತ್ತು. ಪೋರ್ಚುಗೀಸರು ಚೆನ್ನಭೈರಾದೇವಿಯನ್ನು ‘ಮೆಣಸಿನ ರಾಣಿ’ ಎಂದು ಕರೆದದ್ದು ಸುಮ್ಮನೆ ಅಲ್ಲ.

17ನೆಯ ಶತಮಾನದ ಆರಂಭದಲ್ಲಿ ಕೆಳದಿಯ ವೆಂಕಟಪ್ಪ ನಾಯಕನು ಈ ಸೀಮೆಯನ್ನು ಗೆದ್ದ ಮೇಲೆ ರಾಜಧಾನಿ ಹಾಳುಬಿದ್ದಿತು. 1623ರಲ್ಲಿ ಇಕ್ಕೇರಿಗೆ ಹೊರಟಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದಾಗಲೇ ಅರಮನೆಯ ಜಾಗದಲ್ಲಿ ಗಿಡಮರಗಳು ಬೆಳೆದಿದ್ದವು. ಗೇರುಸೊಪ್ಪೆಯ ಹಳೆಯ ರಾಜಧಾನಿಯ ಜಾಗವಾದ ನಗರಬಸ್ತಿಕೇರಿಯ ಚತುರ್ಮುಖ ಬಸದಿಯು ಇಂದಿಗೂ ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು ತೆರೆದುಕೊಂಡು ಕಾಡಿನ ನಡುವೆ ನಿಂತಿದೆ. ಆದರೂ ಮೇಲು–ಕೆಳಗಿನ ಸಂಬಂಧ ಕಡಿಯಲಿಲ್ಲ, ಏಕೆಂದರೆ ಕೆಳದಿಯವರಿಗೂ ಕರಾವಳಿ ಬೇಕಿತ್ತು. ನಿಜವಾದ ಗೆರೆ ಬಿದ್ದದ್ದು 1799ರಲ್ಲಿ. ಟಿಪ್ಪುವಿನ ಪತನದ ನಂತರ ಕೆನರಾ, ಅಂದರೆ ಕರಾವಳಿಯ ಸೀಮೆ, ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು, ಮೇಲಿನ ಸೀಮೆ ಮೈಸೂರಿನ ಪಾಲಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ ಮೇಲೆ, 1956ರವರೆಗೂ ಜೋಗದ ಆಸುಪಾಸಿನಲ್ಲಿ ಎರಡು ಸರ್ಕಾರಗಳ ಗಡಿಯಿತ್ತು.

ಉತ್ತರ (ಕರೂರು ಸೀಮೆ):
ಮೇಲಿನ ಮಾತು ಒಪ್ಪತಕ್ಕದ್ದೇ, ಆದರೆ ಅದು ಅರ್ಧ ಕಥೆ. ರಾಜಕೀಯ ಗಡಿಯನ್ನು ಜನ ದಾಟಬಲ್ಲರು. ನೀರನ್ನು ದಾಟುವುದು ಅಷ್ಟು ಸುಲಭವಲ್ಲ. ಕರೂರು ಮತ್ತು ಬಾರಂಗಿ ಹೋಬಳಿಗಳನ್ನು ಇಂದು ಎಲ್ಲರೂ ದ್ವೀಪವೆನ್ನುತ್ತಾರೆ. ಮೊದಲು ಅದು ದ್ವೀಪವಾಗಿರಲಿಲ್ಲ, ಹೊಳೆಯ ಆಚೆ ದಡವಾಗಿತ್ತು ಅಷ್ಟೆ. ಜೋಗದ ವಿದ್ಯುತ್ತಿಗಾಗಿ 1940ರ ದಶಕದಲ್ಲಿ ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಎದ್ದಿತು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಆ ಅಣೆಕಟ್ಟನ್ನೇ ನುಂಗಿತು. ಮಳೆ ಕೊರತೆಯಾದ ವರ್ಷದ ಬೇಸಿಗೆಯಲ್ಲಿ ಅದರ ಗೋಡೆ ಮತ್ತು ಸೈಫನ್‌ಗಳು ಮೇಲೆದ್ದು ಕಾಣುತ್ತವೆ, ಜನ ನಡೆದೇ ಹೋಗಿ ನೋಡಿ ಬರುತ್ತಾರೆ.

ದೀವರು, ಹವ್ಯಕರು, ಜೈನರು, ಹಸಲರು ಹೀಗೆ ಗದ್ದೆ, ತೋಟ, ಕಾಡುಗಳನ್ನು ನಂಬಿದ್ದ ಮನೆತನಗಳು ಊರು ಬಿಟ್ಟು ಚದುರಿದವು. ಹಲವರಿಗೆ ಕೊಟ್ಟ ನೆಲ ಅರಣ್ಯದ ದಾಖಲೆಯಲ್ಲೇ ಉಳಿದು, ಹಕ್ಕುಪತ್ರದ ತಕರಾರು ಮೊಮ್ಮಕ್ಕಳ ಕಾಲಕ್ಕೂ ಬಂದಿದೆ. ನಾಡಿಗೆ ಬೆಳಕು ಕೊಟ್ಟ ಯೋಜನೆಯೆಂದು ಹೊಗಳುವಾಗ ಈ ಮಾತನ್ನು ಕಡೆಗೆ ತಳ್ಳುವುದು ನನಗೆ ಸರಿ ಕಾಣುವುದಿಲ್ಲ. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಸಂಜೆಯ ಕೊನೆಯ ಲಾಂಚ್ ತಪ್ಪಿದರೆ, ಆಚೆ ದಡದ ತುಮರಿಯವರು ಹೊಸನಗರದ ಕಡೆಯಿಂದ ಸುತ್ತಿಕೊಂಡು ಮನೆ ಸೇರಬೇಕಿತ್ತು. 2025ರ ಜುಲೈನಲ್ಲಿ ಸುಮಾರು 2.44 ಕಿಲೋಮೀಟರ್ ಉದ್ದದ ಸೇತುವೆ ತೆರೆದ ಮೇಲೆ ಆ ಕಷ್ಟ ತೀರಿದೆ.

ಉತ್ತರ (ಉಬ್ಬರ):
ಘಟ್ಟದ ಕೆಳಗಿನವರ ಪಾಲಿನ ಬದಲಾವಣೆಯನ್ನೂ ಸೇರಿಸುತ್ತೇನೆ. ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ಹೊಳೆಯ ಎರಡೂ ದಡಗಳಲ್ಲಿ ಅಂಬಿಗರು, ಹಾಲಕ್ಕಿ ಒಕ್ಕಲಿಗರು, ನಾಮಧಾರಿಗಳು, ಹವ್ಯಕರು ನೆಲೆಸಿದ್ದಾರೆ. ಉಪ್ಪೋಣಿ, ಹೇರಂಗಡಿ, ವಲ್ಕಿಗಳಲ್ಲಿ ಕೊಂಕಣಿಯ ಒಂದು ಬಗೆಯನ್ನಾಡುವ ನವಾಯತರಿದ್ದಾರೆ. ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಇಳಿದು ಬರುವುದರಿಂದ ಅಳಿವೆಯ ಉಪ್ಪಿನಂಶ ಕುಗ್ಗಿದೆ. ಅಣೆಕಟ್ಟಿಲ್ಲದ ಪಕ್ಕದ ಅಘನಾಶಿನಿಯಲ್ಲಿ ಹೆಂಗಸರು ಇಳಿತದ ಹೊತ್ತಿಗೆ ಮೊಣಕಾಲು ನೀರಿನಲ್ಲಿ ಬಳಚು ಎಂಬ ಚಿಪ್ಪುಜೀವಿಯನ್ನು ಆಯುತ್ತಾರೆ. ಶರಾವತಿಯ ಅಳಿವೆಯಲ್ಲಿ ಆ ಸಮೃದ್ಧಿ ಉಳಿದಿಲ್ಲ. ಆದುದರಿಂದ ಕಣಿವೆಯ ಎರಡು ತುದಿಗಳು ಬೇರ್ಪಟ್ಟವೆಂದು ಪೂರ್ತಿಯಾಗಿ ಹೇಳಲಾಗದು. ಲಿಂಗನಮಕ್ಕಿಯಲ್ಲಿ ಎಷ್ಟು ನೀರು ಬಿಡುತ್ತಾರೆಂಬುದರ ಮೇಲೆ ಹೊನ್ನಾವರದ ಬಲೆಗೆ ಬೀಳುವ ಮೀನು ಇಂದಿಗೂ ನಿಂತಿದೆ.