17 ಒಂದುಗಳ ಸಂಖ್ಯೆ ಅವಿಭಾಜ್ಯವಾ?

ಜೆರಾಕ್ಸ್ ಅಂಗಡಿ, ಉಡುಪಿ: ರಥಬೀದಿ ಹತ್ತಿರ ನನ್ನ ಅಂಗಡಿ. ಮಳೆಗೆ ಗಿರಾಕಿ ಇಲ್ಲದಾಗ ಸುಮ್ನೆ ಲೆಕ್ಕ ಮಾಡುತ್ತಾ ಕೂರುತ್ತೇನೆ. 11 ಅವಿಭಾಜ್ಯ. 111 ಅಲ್ಲ, 3 × 37. ಈಗ 11111111111111111 ಹಿಡಿದಿದ್ದೇನೆ. 17 ಅವಿಭಾಜ್ಯ ಅಲ್ವಾ, ಇದೂ ಆಗಬೇಕಲ್ಲ? ಕ್ಯಾಲ್ಕುಲೇಟರ್‌ನಲ್ಲಿ 12 ಅಂಕಿಗಿಂತ ಜಾಸ್ತಿ ಹಿಡಿಯುವುದಿಲ್ಲ. ಕಾಗದದಲ್ಲಿ 13ರವರೆಗೆ ನೋಡಿದೆ, ಭಾಗ ಹೋಗಲಿಲ್ಲ.

ಸುರತ್ಕಲ್‌ನವ: ಇಲ್ಲ ಮಾರಾಯ್ರೆ. 2071723 × 5363222357. ಸಣ್ಣದೇ 20 ಲಕ್ಷ ದಾಟಿದೆ! ಆದರೆ ಎಲ್ಲವನ್ನೂ ನೋಡಬೇಕಿಲ್ಲ. ಇದನ್ನು ಭಾಗಿಸುವ ಅವಿಭಾಜ್ಯದಿಂದ 1 ಕಳೆದರೆ 34ರಿಂದ ಭಾಗ ಹೋಗಲೇಬೇಕು. 2071722 = 34 × 60933, ಸರಿ ಹೋಯಿತಲ್ಲ. ಹಾಗಾಗಿ 13ರವರೆಗಿನ ಶ್ರಮ ಬೇಡವಿತ್ತು. 103, 137, 239 ಹೀಗೆ ಶುರು ಮಾಡಬೇಕು.

ಕದ್ರಿ ಟೀಚರ್: ಒಂದುಗಳ ಎಣಿಕೆ ಅವಿಭಾಜ್ಯ ಅಲ್ಲದಿದ್ದರೆ ಸಂಖ್ಯೆಯೂ ಅಲ್ಲ. 9 ಒಂದುಗಳು ಅಂದರೆ 111 × 1001001. ತಿರುಗಿಸಿ ಹೇಳಿದರೆ ನಿಲ್ಲುವುದಿಲ್ಲ: 11111 = 41 × 271.

ಜೆರಾಕ್ಸ್ ಅಂಗಡಿ, ಉಡುಪಿ: ಹಾಗಾದರೆ 11 ಬಿಟ್ಟರೆ ಮತ್ತೆ ಯಾವುದೂ ಇಲ್ವಾ?

ಸುರತ್ಕಲ್‌ನವ: ಇದೆ. 19 ಒಂದುಗಳು, 23 ಒಂದುಗಳು. ಆಮೇಲೆ ಒಮ್ಮೆಲೇ 317, ನಂತರ 1031. 317ರದ್ದು ನಿಮ್ಮ ಒಂದು ಎ4 ಹಾಳೆಯಲ್ಲಿ ಆರಾಮವಾಗಿ ಹಿಡಿಯುತ್ತದೆ.